ಮಳೆಗಾಲದ ಮಂಕು, ಕೊಯ್ಲಿನ ರಾತ್ರಿ: ಕೊಡಗಿನಲ್ಲಿ ನಿದ್ದೆ ಕೆಡುವುದು ಎಲ್ಲಿಂದ?

ನಿದ್ದೆ ಬರುವುದಿಲ್ಲ ಎಂದವರಿಗೆಲ್ಲ ಸಿಗುವ ಮೊದಲ ಬುದ್ಧಿಮಾತು, ಮೊಬೈಲ್ ಬದಿಗಿಡಿ ಎಂಬುದು. ಮಾತು ಸರಿಯೇ. ಆದರೆ ಕೊಡಗಿನ ಮಟ್ಟಿಗೆ ಅದು ಕಾರಣದ ಒಂದು ತುಣುಕು ಮಾತ್ರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಹಗಲಿಗೇ ಬೆಳಕಿನ ಬರ. ನವೆಂಬರ್‌ನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು, ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವುದು), ಹೂವಿಗೆ ನೀರು ಎಂದು ಕೆಲಸ ರಾತ್ರಿಗೂ ಚಾಚಿಕೊಳ್ಳುತ್ತದೆ. ಲೋಟದಲ್ಲಂತೂ ವರ್ಷವಿಡೀ ರೊಬಸ್ಟಾ ಜಾತಿಯ ಕಾಫಿ. ಈ ಮೂರನ್ನೂ ನಿದ್ದೆಯ ಸಂಶೋಧನೆಯ ಪಕ್ಕದಲ್ಲಿಟ್ಟು ನೋಡಿದರೆ, ಇಲ್ಲಿ ಮೊದಲು ಕೆಡುವುದು ನಿದ್ದೆಯ ಹೊತ್ತು, ಅದರ ಹಿಂದೆ ನಿದ್ದೆಯ ಅಳತೆ ಎಂಬುದು ಗೊತ್ತಾಗುತ್ತದೆ. ಹೊತ್ತು ತಪ್ಪಿದ ನಿದ್ದೆಯನ್ನು ಮಾತ್ರೆ ಸರಿ ಮಾಡುವುದಿಲ್ಲ. ಬೆಳಕು, ಏಳುವ ಸಮಯ, ಕಾಫಿಯ ಸಮಯ ಇವು ಸರಿ ಮಾಡುತ್ತವೆ.

ಮೈಯೊಳಗಿನ ಗಡಿಯಾರ

1729ರಲ್ಲಿ ಫ್ರಾನ್ಸಿನ ಖಗೋಳ ವಿಜ್ಞಾನಿ ಡಿ ಮೆರಾನ್, ಮುಟ್ಟಿದರೆ ಮುನಿ ಜಾತಿಯ ಗಿಡವೊಂದನ್ನು ಕತ್ತಲೆಯಲ್ಲಿಟ್ಟು ನೋಡಿದ. ಸೂರ್ಯನ ಸುಳಿವಿಲ್ಲದಿದ್ದರೂ ಗಿಡ ಹಗಲಿನ ವೇಳೆಗೆ ಎಲೆ ಬಿಚ್ಚಿತು, ಸಂಜೆಗೆ ಮುಚ್ಚಿತು. ನಮ್ಮ ತೋಟದ ಅಂಚಿನಲ್ಲಿ ಕಾಲಿಗೆ ಮುಳ್ಳು ಚುಚ್ಚುವ ಈ ಕಳೆಯ ಬಳಗವೇ ಜೀವಿಗಳೊಳಗೆ ಸ್ವಂತ ಗಡಿಯಾರವಿದೆ ಎಂಬುದಕ್ಕೆ ಮೊದಲ ಸಾಕ್ಷಿ ಒದಗಿಸಿತು. 1971ರಲ್ಲಿ ಕೊನೊಪ್ಕ ಮತ್ತು ಬೆಂಜರ್, ಹಣ್ಣುನೊಣದಲ್ಲಿ ಈ ಲಯವನ್ನು ಆಳುವ ಜೀನ್ ಒಂದಿದೆ ಎಂದು ತೋರಿಸಿದರು. 1984ರಲ್ಲಿ ಆ ಜೀನ್ ಅನ್ನು ಬೇರ್ಪಡಿಸಿ, ಮುಂದೆ ಅದರ ಕೆಲಸದ ಬಗೆಯನ್ನು ಬಿಡಿಸಿದ ಹಾಲ್, ರಾಸ್‌ಬ್ಯಾಶ್ ಮತ್ತು ಯಂಗ್ ಅವರಿಗೆ 2017ರ ನೊಬೆಲ್ ಬಂತು. ಆ ಜೀನ್‌ನ ಆದೇಶದಂತೆ ತಯಾರಾಗುವ ಪ್ರೋಟೀನ್ ರಾತ್ರಿಯಿಡೀ ಜೀವಕೋಶದಲ್ಲಿ ಕೂಡಿಕೊಳ್ಳುತ್ತದೆ. ಸಾಕಷ್ಟು ಕೂಡಿದ ಮೇಲೆ ತನ್ನನ್ನು ಹುಟ್ಟಿಸಿದ ಜೀನ್‌ನ ಬಾಯಿಯನ್ನೇ ಮುಚ್ಚಿಸುತ್ತದೆ. ಹಗಲಿನಲ್ಲಿ ಕರಗಿ, ಮತ್ತೆ ಮೊದಲಿನಿಂದ ಶುರು. ಒಂದು ಸುತ್ತಿಗೆ ಸುಮಾರು 24 ಗಂಟೆ.

ನಮ್ಮ ನಾಡಿನ ಕೆಲಸವೂ ಇದರಲ್ಲಿ ಸಣ್ಣದಲ್ಲ. ಎಂ.ಕೆ. ಚಂದ್ರಶೇಖರನ್ ಮಧುರೈನಲ್ಲಿ ಗುಹೆಯ ಬಾವಲಿಗಳ ಲಯವನ್ನು ಅಧ್ಯಯನ ಮಾಡಿದರು, ಆಮೇಲೆ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದರು. ಆ ಕೇಂದ್ರದಲ್ಲಿ 600 ತಲೆಮಾರುಗಳಷ್ಟು ಕಾಲ ಆರದ ಬೆಳಕಿನಲ್ಲೇ ಸಾಕಿದ ಹಣ್ಣುನೊಣಗಳಲ್ಲೂ ದಿನದ ಲಯ ಉಳಿದೇ ಇತ್ತು ಎಂಬುದು 1999ರಲ್ಲಿ ಪ್ರಕಟವಾಯಿತು. ಹಗಲು ರಾತ್ರಿಯನ್ನೇ ಕಾಣದ ಅಷ್ಟು ತಲೆಮಾರು ದಾಟಿಯೂ ಅಳಿಯದ ಗಡಿಯಾರವನ್ನು ಮನುಷ್ಯ ಮನಸ್ಸು ಗಟ್ಟಿ ಮಾಡಿಕೊಂಡು ಒಂದು ಹಂಗಾಮಿನಲ್ಲಿ ಬದಲಿಸಿಕೊಳ್ಳಬಲ್ಲ ಎಂದುಕೊಳ್ಳುವುದು ಆಗದ ಮಾತು.

ಮನುಷ್ಯರಲ್ಲಿ ಈ ಗಡಿಯಾರ ಮಿದುಳಿನ ತಳದಲ್ಲಿ, ಎರಡೂ ಕಣ್ಣಿನ ನರಗಳು ಒಂದನ್ನೊಂದು ದಾಟುವ ಜಾಗದ ಮೇಲೆ, ಸುಮಾರು 20,000 ನರಕೋಶಗಳ ಪುಟ್ಟ ಗುಂಪಾಗಿ ಕೂತಿದೆ. ಅದರ ಸುತ್ತು ಸರಾಸರಿ 24 ಗಂಟೆ 11 ನಿಮಿಷ. ಬಿಟ್ಟರೆ ಅದು ದಿನಾ ಸ್ವಲ್ಪ ಸ್ವಲ್ಪ ತಡವಾಗುತ್ತಲೇ ಹೋಗುತ್ತದೆ. ಹೆಚ್ಚಿನವರಲ್ಲಿ ಅದನ್ನು ಪ್ರತಿದಿನ ಹಿಂದಕ್ಕೆಳೆದು ಸರಿಹೊಂದಿಸಬೇಕು. ಆ ಕೆಲಸ ಮಾಡುವುದು ಕಣ್ಣಿಗೆ ಬೀಳುವ ಬೆಳಕು. ಅಕ್ಷಿಪಟಲದಲ್ಲಿ ನೋಟಕ್ಕೆಂದಲ್ಲದೆ ಬೆಳಕಿನ ಪ್ರಮಾಣ ಅಳೆಯಲೆಂದೇ ಇರುವ ಕೋಶಗಳಿವೆ ಎಂಬುದು 2002ರ ಹೊತ್ತಿಗೆ ಖಚಿತವಾಯಿತು. ಅವು 480 ನ್ಯಾನೋಮೀಟರ್ ಸುತ್ತಿನ ನೀಲಿ ಬೆಳಕಿಗೆ ಹೆಚ್ಚು ಚುರುಕು. ಬೆಳಕು ಯಾವ ಹೊತ್ತಿನಲ್ಲಿ ಬಿತ್ತು ಎಂಬುದರ ಮೇಲೆ ಪರಿಣಾಮ ತಿರುವುಮುರುವಾಗುತ್ತದೆ. ರಾತ್ರಿ 10ಕ್ಕೆ ಮಲಗಿ ಬೆಳಿಗ್ಗೆ 6ಕ್ಕೆ ಏಳುವವರ ಮೈಯ ಶಾಖ ಅತಿ ಕೆಳಗಿಳಿಯುವುದು ಸುಮಾರು 4 ಗಂಟೆಗೆ. ಅದಕ್ಕಿಂತ ಮೊದಲು, ಅಂದರೆ ಸಂಜೆ ಮತ್ತು ನಡುರಾತ್ರಿ ಬಿದ್ದ ಬೆಳಕು ಗಡಿಯಾರವನ್ನು ತಡಮಾಡುತ್ತದೆ. ಅದರ ನಂತರ ಬಿದ್ದದ್ದು ಬೇಗ ಮಾಡುತ್ತದೆ. ಮುಂದೆ ಹೇಳುವ ಉಪಾಯಗಳೆಲ್ಲ ಈ ಒಂದು ಸಂಗತಿಯ ಮೇಲೆ ನಿಂತಿವೆ.

ಇದಕ್ಕೆ ಜೊತೆಯಾಗಿ ಇನ್ನೊಂದು ಲೆಕ್ಕವೂ ನಡೆಯುತ್ತಿರುತ್ತದೆ. ಎಚ್ಚರವಿದ್ದಷ್ಟು ಹೊತ್ತು ಮಿದುಳಿನಲ್ಲಿ ಅಡೆನೋಸಿನ್ ಎಂಬ ರಾಸಾಯನಿಕ ಕೂಡಿಕೊಂಡು ನಿದ್ದೆಯ ಒತ್ತಡ ಏರುತ್ತದೆ, ಮಲಗಿದಾಗ ಇಳಿಯುತ್ತದೆ. ಒತ್ತಡವೂ ಗಡಿಯಾರವೂ ಒಂದೇ ಹೊತ್ತಿಗೆ ಕೂಡಿಬಂದರೆ ಗಾಢ ನಿದ್ದೆ ಎಂಬ ಈ ಚೌಕಟ್ಟನ್ನು ಅಲೆಕ್ಸಾಂಡರ್ ಬೋರ್ಬೆಲಿ 1982ರಲ್ಲಿ ಮುಂದಿಟ್ಟರು. ನಲವತ್ತು ವರ್ಷ ಕಳೆದರೂ ಅದು ನಿಂತಿದೆ.

ಮಳೆಗಾಲದ ಹಗಲು

ಮಡಿಕೇರಿಯಲ್ಲಿ ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಸುಮಾರು ಒಂದೂವರೆ ಗಂಟೆ ಅಷ್ಟೆ. ಯುರೋಪಿನ ಚಳಿಗಾಲದ ತೊಂದರೆ ಇಲ್ಲಿ ಬರಬಾರದು. ಆದರೆ ಹಗಲು ಎಷ್ಟು ಉದ್ದ ಎಂಬುದಷ್ಟೇ ಗಡಿಯಾರಕ್ಕೆ ಸಾಲದು, ಎಷ್ಟು ಬೆಳಕು ಕಣ್ಣಿಗೆ ಬಿತ್ತು ಎಂಬುದೂ ಬೇಕು. ಬೆಳಕನ್ನು ಅಳೆಯುವ ಮಾನ ಲಕ್ಸ್; ಬಿಸಿಲಿನಲ್ಲಿ ಬಯಲಿನ ಬೆಳಕು 1,00,000 ಲಕ್ಸ್ ಮುಟ್ಟುತ್ತದೆ. ಮೋಡ ಕವಿದರೂ ಆಕಾಶದಡಿ ಸಾಮಾನ್ಯವಾಗಿ ಸಾವಿರಾರು ಲಕ್ಸ್ ಇರುತ್ತದೆ. ಅದೇ ಹೊತ್ತಿಗೆ ಮನೆಯೊಳಗೆ ಕಿಟಕಿಯ ಪಕ್ಕ ಕೆಲವು ನೂರು. ನಡುಮನೆಯಲ್ಲಿ, ಮುಂದಕ್ಕೆ ಚಾಚಿದ ಹೆಂಚಿನ ಮಾಡು, ಸಣ್ಣ ಕಿಟಕಿ, ಅಂಗಳದಾಚೆ ಮರಗಳ ನೆರಳು ಎಲ್ಲ ಸೇರಿ 50 ಲಕ್ಸ್ ಉಳಿದರೆ ಹೆಚ್ಚು. ಕಣ್ಣು ಅದಕ್ಕೆ ಹೊಂದಿಕೊಳ್ಳುವುದರಿಂದ ಕತ್ತಲೆ ಎನಿಸುವುದಿಲ್ಲ. ಗಡಿಯಾರದ ಕೋಶಗಳಿಗೆ ಮಾತ್ರ ಅದು ಮುಸ್ಸಂಜೆ.

2022ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಮನೆ, ಕಚೇರಿಗಳ ಬೆಳಕಿಗೆ ಅಂಕಿಗಳನ್ನು ಗೊತ್ತುಮಾಡಿದರು: ಹಗಲಿನಲ್ಲಿ ಕಣ್ಣಿನ ಮಟ್ಟದಲ್ಲಿ ಕನಿಷ್ಠ 250, ಮಲಗುವ ಮೊದಲ 3 ಗಂಟೆ ಹೆಚ್ಚೆಂದರೆ 10, ಮಲಗಿದಾಗ 1. ಇದು ಮಾಮೂಲಿ ಲಕ್ಸ್ ಅಲ್ಲ, ನೀಲಿ ಅಂಶಕ್ಕೆ ತಕ್ಕಂತೆ ತೂಗಿದ ಲಕ್ಸ್. ತಣ್ಣನೆ ಬಿಳಿಯ, 6500 ಕೆಲ್ವಿನ್ ಎಂದು ಬರೆದಿರುವ ಎಲ್‌ಇಡಿಯಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ. 2700 ಕೆಲ್ವಿನ್‌ನ ಹಳದಿ ಬಲ್ಬಿನಲ್ಲಿ ತೂಗಿದ ಲಕ್ಸ್ ಮಾಮೂಲಿಯ ಅರ್ಧದಷ್ಟು. ನಮ್ಮ ಮನೆಗಳಲ್ಲಿ ನಡೆಯುವುದು ಇದಕ್ಕೆ ತದ್ವಿರುದ್ಧ: ಹಗಲಿಗೆ ಕರೆಂಟು ಉಳಿಸಲು ದೀಪ ಆರಿಸಿ ಮಂಕಿನಲ್ಲಿ ಕೂರುವುದು, ಸಂಜೆ 7ಕ್ಕೆ ಹಾಲ್‌ನ ನೆತ್ತಿಯ ಮೇಲೆ ತಣ್ಣನೆ ಬಿಳಿಯ ಪಟ್ಟಿದೀಪ. ಮಳೆಗಾಲದಲ್ಲಿ ಲೈನ್ ಹರಿದು ದಿನಗಟ್ಟಲೆ ಕರೆಂಟಿಲ್ಲದೆ ಮೇಣದಬತ್ತಿ ಹಚ್ಚಿಕೊಂಡ ಸಂಜೆಗಳಿಂದ ನಿದ್ದೆಗೆ ಹಾನಿಯಿಲ್ಲ. ಹಾನಿ ಇರುವುದು ಆ ದಿನಗಳ ಮಂಕು ಹಗಲಿನಲ್ಲಿ.

ಮಾಡಬೇಕಾದ್ದು ಹೀಗೆ. ಎದ್ದ ಒಂದು ಗಂಟೆಯೊಳಗೆ 30ರಿಂದ 45 ನಿಮಿಷ ಜಗಲಿಯ ಹೊರ ಅಂಚಿನಲ್ಲೋ ಕೊಡೆ ಹಿಡಿದು ಅಂಗಳದಲ್ಲೋ, ಆಕಾಶ ಕಾಣುವಂತೆ ಇರುವುದು. ಪೇಪರ್ ಓದುವುದು, ತರಕಾರಿ ಹೆಚ್ಚುವುದು, ಮಕ್ಕಳ ತಲೆ ಬಾಚುವುದು, ಯಾವುದಾದರೂ ಆದೀತು. ಆಕಾಶಕ್ಕೆ ಮುಖ ಮಾಡಿ ಕೂತರೆ ಸಾಕು, ದಿಟ್ಟಿಸಬೇಕಿಲ್ಲ. ಮುಚ್ಚಿದ ಗಾಜಿನ ಹಿಂದೆ, ಪರದೆಯ ಮರೆಯಲ್ಲಿ ಕೂತರೆ ಬೆಳಕು ಹಲವು ಪಟ್ಟು ಕಡಿಮೆ. ಮುಂಜಾನೆ ನಡಿಗೆಗೆ ಹೋಗಿ ಎಂಬ ಪೇಟೆಯ ಸಲಹೆಯನ್ನು ಮಾತ್ರ ಸಿದ್ದಾಪುರ, ಪಾಲಿಬೆಟ್ಟ, ತಿತಿಮತಿ ಕಡೆಯವರು ಪಾಲಿಸಬಾರದು. ರಾತ್ರಿ ತೋಟಕ್ಕಿಳಿದ ಕಾಡಾನೆಗಳು ಕಾಡಿಗೆ ಮರಳುವ ಹೊತ್ತು ಅದೇ. 7 ಗಂಟೆಗೆ ಅಂಗಳದಲ್ಲಿ ಸಿಗುವ ಬೆಳಕು ಧಾರಾಳವಾಯಿತು. ಹೊರಗೆ ಬರಲಾಗದ ವೃದ್ಧರಿಗೆ 10,000 ಲಕ್ಸ್‌ನ ದೀಪದ ಪೆಟ್ಟಿಗೆಯನ್ನು, ತಯಾರಕರು ಹೇಳಿದ ದೂರದಲ್ಲಿಟ್ಟು ಬೆಳಿಗ್ಗೆ 30 ನಿಮಿಷ ಉಪಯೋಗಿಸಬಹುದು. ಕಣ್ಣಿನ ಕಾಯಿಲೆಯೋ, ಖಿನ್ನತೆ ಮತ್ತು ಉನ್ಮಾದ ಎರಡೂ ಬಂದುಹೋಗುವ ಕಾಯಿಲೆಯೋ ಇದ್ದರೆ ಮೊದಲು ವೈದ್ಯರನ್ನು ಕೇಳಬೇಕು. ಸಂಜೆ ಊಟದ ನಂತರ ನೆತ್ತಿಯ ದೀಪ ಆರಿಸಿ, 5ರಿಂದ 7 ವ್ಯಾಟ್‌ನ 2700 ಕೆಲ್ವಿನ್ ಬಲ್ಬನ್ನು ಕಣ್ಣಿನ ಮಟ್ಟಕ್ಕಿಂತ ಕೆಳಗೆ, ಮರೆಮಾಡಿ ಇಟ್ಟುಕೊಂಡರೆ ಸಾಕು.

ಮಕ್ಕಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ನಮ್ಮ ಅಧಿಕೃತ ಸಮಯ 82.5 ಡಿಗ್ರಿ ರೇಖಾಂಶದ್ದು, ಕೊಡಗು ಇರುವುದು 75.7ರ ಆಸುಪಾಸಿನಲ್ಲಿ. ಹಾಗಾಗಿ ಸೂರ್ಯನ ಲೆಕ್ಕದಲ್ಲಿ ನಾವು ಗೋಡೆ ಗಡಿಯಾರಕ್ಕಿಂತ ಸುಮಾರು 27 ನಿಮಿಷ ಹಿಂದೆ. ಜನವರಿ ಕೊನೆಯಲ್ಲಿ ಇಲ್ಲಿ ಸೂರ್ಯ ಹುಟ್ಟುವುದು 6.50 ದಾಟಿ, ಬೆಟ್ಟದ ಮರೆಯ ಊರುಗಳಿಗೆ ಇನ್ನೂ ತಡ. ಹದಿಹರೆಯದಲ್ಲಿ ಗಡಿಯಾರ ತಾನಾಗಿಯೇ ಒಂದೆರಡು ಗಂಟೆ ತಡವಾಗುತ್ತದೆ, ಅದು ಸೋಮಾರಿತನವಲ್ಲ. ಶಾಲೆ 8.30ಕ್ಕಿಂತ ಮೊದಲು ಶುರುವಾಗಬಾರದು ಎಂದು ಅಮೆರಿಕದ ಮಕ್ಕಳ ವೈದ್ಯರ ಸಂಘ 2014ರಲ್ಲಿ ಹೇಳಿದ್ದು ಇದಕ್ಕೇ. ಒಳನಾಡಿನ ತೋಟದಿಂದ 7ರ ಬಸ್ಸಿಗೆ 5.45ಕ್ಕೆ ಎದ್ದು ಹೊರಡುವ ಹತ್ತನೇ ತರಗತಿಯ ಹುಡುಗಿಗೆ 8 ಗಂಟೆ ನಿದ್ದೆ ಸಿಗಬೇಕಾದರೆ ಅವಳು 9.45ಕ್ಕೆ ಮಲಗಿರಬೇಕು. ಅವಳ ಮೈ ಅದಕ್ಕೆ ಒಪ್ಪುವುದು ಕಷ್ಟ. ಬಸ್ಸಿನ ಸಮಯವನ್ನು ಅರ್ಧ ಗಂಟೆ ಮುಂದೆ ಹಾಕುವುದು ಅವಳ ಓದಿಗೆ ಟ್ಯೂಷನ್‌ಗಿಂತ ಹೆಚ್ಚು ನೆರವಾದೀತು ಎಂಬುದು ನಮ್ಮ ನಂಬಿಕೆ.

ಚಳಿ ಮತ್ತು ಸ್ನಾನದ ಬಗ್ಗೆಯೂ ಒಂದು ಮಾತು. ನಿದ್ದೆ ಹತ್ತಬೇಕಾದರೆ ಮೈಯ ಒಳಗಿನ ಶಾಖ ಇಳಿಯಬೇಕು, ಅದಕ್ಕೆ ಕೈಕಾಲಿನ ರಕ್ತನಾಳಗಳು ಅರಳಬೇಕು. ಮಲಗುವ 1ರಿಂದ 2 ಗಂಟೆ ಮೊದಲು 40ರಿಂದ 42.5 ಡಿಗ್ರಿ ಬಿಸಿನೀರಿನಲ್ಲಿ 10 ನಿಮಿಷ ಮಿಂದರೂ ನಿದ್ದೆ ಬೇಗ ಹತ್ತುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2019ರ ವಿಶ್ಲೇಷಣೆ ತೋರಿಸಿದೆ. ತೋಟದಿಂದ ಬಂದು ಹಂಡೆಯ ಬಿಸಿನೀರಿನಲ್ಲಿ ಸಂಜೆ ಸ್ನಾನ ಮಾಡುವ ಇಲ್ಲಿನ ರೂಢಿ ನಿದ್ದೆಗೆ ಹೇಳಿ ಮಾಡಿಸಿದ್ದು. ಗೀಸರ್ ಬಂತೆಂದು ಅದನ್ನು ಬೆಳಿಗ್ಗೆಗೆ ಸರಿಸಬೇಡಿ. ಆದರೆ ಮುಚ್ಚಿದ ಕೋಣೆಯಲ್ಲಿ ಕೆಂಡದ ಬಾಣಲೆ ಇಟ್ಟು ಮಲಗುವುದು ಪ್ರಾಣಕ್ಕೇ ಅಪಾಯ. ಇದ್ದಿಲಿನಿಂದ ಹೊಮ್ಮುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯಿಲ್ಲ, ಮಲಗಿದವರನ್ನು ಅದು ಎಬ್ಬಿಸುವುದಿಲ್ಲ. ಕೆಂಡವನ್ನು ಮಲಗುವ ಮೊದಲೇ ಹೊರಗಿಡಬೇಕು.

ಲೋಟದೊಳಗಿನ ಲೆಕ್ಕ

ಕಾಫಿ ಬೆಳೆಯುವ ಜಿಲ್ಲೆಯಲ್ಲಿ ಕಾಫಿಯನ್ನು ದೂರುವುದು ನಮ್ಮ ಉದ್ದೇಶವಲ್ಲ. ಲೆಕ್ಕ ಮಾತ್ರ ಗೊತ್ತಿರಬೇಕು. ಅರೇಬಿಕಾ ಬೀಜದಲ್ಲಿ ಕೆಫೀನ್ ಸುಮಾರು ಶೇ 1.2, ರೊಬಸ್ಟಾದಲ್ಲಿ ಸುಮಾರು ಶೇ 2.2. ಒಂದು ಲೋಟಕ್ಕೆ 10 ಗ್ರಾಂ ಪುಡಿ, ಅದರಲ್ಲಿ ಶೇ 30 ಚಿಕೋರಿ ಎಂದಿಟ್ಟುಕೊಳ್ಳಿ. ಚಿಕೋರಿಯಲ್ಲಿ ಕೆಫೀನ್ ಇಲ್ಲ. ಉಳಿದ 7 ಗ್ರಾಂ ಅರೇಬಿಕಾ ಆದರೆ ಸುಮಾರು 85 ಮಿಲಿಗ್ರಾಂ, ರೊಬಸ್ಟಾ ಆದರೆ 150 ದಾಟುತ್ತದೆ. ಬಹುಪಾಲು ಡಿಕಾಕ್ಷನ್‌ಗೆ ಇಳಿದುಬಿಡುತ್ತದೆ. ಹಾಲು ಹಾಕಿದರೂ ಬೆಲ್ಲದ ಕರಿಕಾಫಿ ಮಾಡಿದರೂ ಕೆಫೀನ್ ಬದಲಾಗುವುದಿಲ್ಲ.

ಕೆಫೀನ್ ನಿದ್ದೆಯ ಒತ್ತಡವನ್ನು ಇಳಿಸುವುದಿಲ್ಲ, ಅಡೆನೋಸಿನ್ ಕೂರುವ ಜಾಗದಲ್ಲಿ ತಾನು ಕೂತು ಅದನ್ನು ಮರೆಮಾಡುತ್ತದೆ. ಮೈಯಲ್ಲಿ ಅದು ಅರ್ಧಕ್ಕಿಳಿಯಲು ಸರಾಸರಿ 5 ಗಂಟೆ ಬೇಕು. ಸಂಜೆ 6ಕ್ಕೆ ರೊಬಸ್ಟಾ ಲೋಟ ಕುಡಿದವರ ಮೈಯಲ್ಲಿ ರಾತ್ರಿ 11ಕ್ಕೆ ಹೆಚ್ಚುಕಡಿಮೆ ಒಂದು ಅರೇಬಿಕಾ ಲೋಟದಷ್ಟು ಕೆಫೀನ್ ಉಳಿದಿರುತ್ತದೆ. ಮಲಗುವ 6 ಗಂಟೆ ಮೊದಲು ಕೊಟ್ಟ 400 ಮಿಲಿಗ್ರಾಂ ಕೂಡ ನಿದ್ದೆಯಿಂದ ಒಂದು ಗಂಟೆಗೂ ಹೆಚ್ಚು ಕಡಿದುಹಾಕಿತು ಎಂದು 2013ರ ಪ್ರಯೋಗವೊಂದು ಅಳೆದು ತೋರಿಸಿದೆ. ನಿದ್ದೆ ಅಷ್ಟು ಕಡಿಮೆಯಾದದ್ದು ಹಲವರ ಗಮನಕ್ಕೆ ಬರುವುದೇ ಇಲ್ಲ. "ನನಗೆ ಕಾಫಿ ಕುಡಿದರೂ ನಿದ್ದೆ ಬರುತ್ತದೆ" ಎಂಬ ಮಾತು ಬಂದದ್ದು ಹಾಗೆ; ನಿದ್ದೆ ಹತ್ತುತ್ತದೆ, ಆದರೆ ತೆಳುವಾಗುತ್ತದೆ. ಗರ್ಭಿಣಿಯರಲ್ಲಿ ಕೊನೆಯ ತಿಂಗಳುಗಳಲ್ಲಿ ಅರ್ಧಕ್ಕಿಳಿಯಲು 10 ಗಂಟೆಗೂ ಮೀರಿ ಹಿಡಿಯುತ್ತದೆ.

10ಕ್ಕೆ ಮಲಗುವವರಿಗೆ ಕೊನೆಯ ಗಟ್ಟಿ ಕಾಫಿ ಮಧ್ಯಾಹ್ನ 2ಕ್ಕೆ. ಸಂಜೆ ಬಿಡಲಾಗದಿದ್ದರೆ ಆ ಲೋಟಕ್ಕೆ ಅರೇಬಿಕಾ ಪುಡಿ, ಅದೂ 4 ಗ್ರಾಂ. ದಿನಕ್ಕೆ ಐದಾರು ಲೋಟ ಕುಡಿಯುವವರು ಒಮ್ಮೆಗೇ ನಿಲ್ಲಿಸಿದರೆ ಒಂದು ದಿನದೊಳಗೆ ತಲೆನೋವು ಶುರುವಾಗಿ ವಾರದವರೆಗೂ ಇರಬಹುದು. ಎರಡು ಮೂರು ದಿನಕ್ಕೊಂದು ಲೋಟದಂತೆ ಇಳಿಸಿದರೆ ಈ ಕಾಟವಿಲ್ಲ.

ರಾತ್ರಿಯ ಕೆಲಸ

ಕೊಯ್ದ ಹಣ್ಣನ್ನು ಅದೇ ದಿನ ಪಲ್ಪರ್‌ಗೆ ಹಾಕಬೇಕು. ಇಟ್ಟರೆ ಹುಳಿಯುತ್ತದೆ, ಕಾಫಿಯ ರುಚಿ ಕೆಡುತ್ತದೆ. ಹಣ್ಣು ಅಳೆದು ಮುಗಿಯುವುದೇ ಸಂಜೆಗಾದ್ದರಿಂದ ಪಲ್ಪಿಂಗ್ ರಾತ್ರಿಗೆ ಬೀಳುತ್ತದೆ. ಕಣದಲ್ಲಿ ಹರಡಿದ ಕಾಫಿಗೆ ಕಳ್ಳರ ಕಾವಲು ಬೇರೆ. ಫೆಬ್ರವರಿ, ಮಾರ್ಚ್‌ನಲ್ಲಿ ಹೂಮಳೆ ಬಾರದಿದ್ದರೆ ರೊಬಸ್ಟಾಕ್ಕೆ ಸ್ಪ್ರಿಂಕ್ಲರ್. ತ್ರೀ ಫೇಸ್ ಕರೆಂಟ್ ರಾತ್ರಿ ಪಾಳಿಯಲ್ಲಿ ಬಂದರೆ ಪೈಪ್ ಬದಲಿಸುವವರು ಮೂರು ನಾಲ್ಕು ಗಂಟೆಗೊಮ್ಮೆ ಏಳಬೇಕು. ಆಸ್ಪತ್ರೆಯ ದಾದಿಯರು, ರೆಸಾರ್ಟ್‌ಗಳ ಕಾವಲುಗಾರರು, ಆನೆ ಓಡಿಸುವ ಅರಣ್ಯ ಇಲಾಖೆಯ ತಂಡದವರು, ರಾತ್ರಿ ಬಸ್ಸಿನ ಚಾಲಕರು ವರ್ಷವಿಡೀ ಇದೇ ಸ್ಥಿತಿಯಲ್ಲಿರುತ್ತಾರೆ.

ಇದರ ಹಾನಿ ಆಯಾಸಕ್ಕೆ ನಿಲ್ಲುವುದಿಲ್ಲ. ಗಡಿಯಾರವನ್ನು ಕೆಡಿಸುವ ರಾತ್ರಿ ಪಾಳಿಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಘಟಕ 2007ರಲ್ಲಿ, ಮತ್ತೆ 2019ರಲ್ಲಿ, ಕ್ಯಾನ್ಸರ್ ತರುವ ಸಾಧ್ಯತೆ ಇರುವವುಗಳ ಸಾಲಿಗೆ ಸೇರಿಸಿದೆ. ಬ್ರಿಟನ್ನಿನ 60 ಸಾವಿರಕ್ಕೂ ಹೆಚ್ಚು ಜನರ ಮಣಿಕಟ್ಟಿನ ಮಾಪಕಗಳ ಮಾಹಿತಿ ನೋಡಿದ, 2024ರಲ್ಲಿ ಮುದ್ರಿತವಾದ ಅಧ್ಯಯನದಲ್ಲಿ, ಬೇಗನೆ ಸಾಯುವ ಅಪಾಯವನ್ನು ಸೂಚಿಸುವಲ್ಲಿ ನಿದ್ದೆಯ ಗಂಟೆಗಳಿಗಿಂತ ನಿದ್ದೆಯ ಕ್ರಮಬದ್ಧತೆಯೇ ಮುಂದಿತ್ತು. ಹಾಗಾಗಿ ಪೈಪ್ ಬದಲಿಸುವ ಕೆಲಸವನ್ನು ಒಂದು ರಾತ್ರಿ ಒಬ್ಬನಿಗೆ, ಮರುರಾತ್ರಿ ಇನ್ನೊಬ್ಬನಿಗೆ, ಮತ್ತೆ ಬೆಳಿಗ್ಗೆ ಅವರಿಗೇ ತೋಟದ ಕೆಲಸ ಎಂದು ಹಂಚುವುದು ಅತ್ಯಂತ ಕೆಟ್ಟ ವ್ಯವಸ್ಥೆ. ಒಂದು ಸರದಿಯ ನೀರಿಗೆ ಒಂದೇ ಜೋಡಿಯನ್ನು ರಾತ್ರಿಗೆ ಇಟ್ಟು, ಅವರಿಗೆ ಹಗಲು ಪೂರ್ತಿ ರಜೆ ಕೊಡಬೇಕು. ಕಡಿಮೆ ನೀರು ಬಿಡುವ ನಾಜಲ್, ಹೆಚ್ಚು ಸ್ಪ್ರಿಂಕ್ಲರ್ ಹಾಕಿಕೊಂಡರೆ ಒಂದೇ ಜಾಗದಲ್ಲಿ ಕರೆಂಟ್ ಇರುವಷ್ಟು ಹೊತ್ತೂ ಓಡಿಸಿ ಬೆಳಗಾದ ಮೇಲೆ ಪೈಪ್ ಬದಲಿಸಬಹುದು. ಖರ್ಚು ಹೆಚ್ಚು, ನಿಜ. ಕತ್ತಲಲ್ಲಿ ಆನೆಗೆ ಎದುರಾಗುವ ಅಪಾಯವೂ ಅದರಿಂದ ತಪ್ಪುತ್ತದೆ. ಹೂ ಬಿಡುವ ಆ ಕೆಲವು ವಾರಗಳಾದರೂ ಪಂಪ್‌ಸೆಟ್ಟಿನ ಕರೆಂಟ್ ಹಗಲಿಗೇ ಬೇಕು ಎಂಬ ಬೇಡಿಕೆಯನ್ನು ಬೆಳೆಗಾರರು ಕಾರ್ಮಿಕರ ಆರೋಗ್ಯದ ಹೆಸರಿನಲ್ಲೂ ಮುಂದಿಡಬೇಕು.

ರಾತ್ರಿ ಪಾಳಿಗೆ ಹೋಗುವವರು ಸಂಜೆ ಹೊರಡುವ ಮೊದಲು 90 ನಿಮಿಷ ಮಲಗಿ ಏಳುವುದು ಒಳ್ಳೆಯದು. ಕಾಫಿ ಪಾಳಿಯ ಮೊದಲರ್ಧದಲ್ಲಿ ಮಾತ್ರ, 1 ಗಂಟೆಯ ನಂತರ ಬೇಡ. ಕೆಲಸದ ಜಾಗದಲ್ಲಿ 3ರವರೆಗೆ ಪ್ರಖರ ಬೆಳಕು ಇರಲಿ, ಆಮೇಲೆ ಆದಷ್ಟು ತಗ್ಗಿಸಲಿ. ಮನೆಗೆ ಮರಳುವಾಗ ಕಪ್ಪು ಕನ್ನಡಕ. ತಾವೇ ಗಾಡಿ ಓಡಿಸುವವರು ಮಾತ್ರ ಹಾಕಬಾರದು. ಬಂದು ಲಘುವಾಗಿ ತಿಂದು 8.30ರೊಳಗೆ ಮಲಗಬೇಕು. ಕೋಣೆಯ ಕಿಟಕಿಗೆ ದಪ್ಪ ಕಪ್ಪು ಬಟ್ಟೆ. ಲೈನ್‌ಮನೆಯ (ಕಾರ್ಮಿಕರ ಸಾಲುಮನೆಯ) ತಗಡಿನ ಮಾಡಿನ ಕೆಳಗೆ ಮಾರ್ಚ್ ಮಧ್ಯಾಹ್ನ ಮಲಗಲಾಗದು. ಇಂಥವರಿಗೆ ಹೆಂಚಿನ ಮಾಡಿನ ತಂಪು ಕೋಣೆಯೊಂದನ್ನು ಹಂಗಾಮಿಗೆ ಬಿಟ್ಟುಕೊಡುವುದು ಮಾಲೀಕರಿಗೆ ಕಷ್ಟವಲ್ಲ.

ಗಾಡಿಯ ವಿಷಯ ಎಲ್ಲಕ್ಕಿಂತ ತುರ್ತಿನದು. ಸತತ 17 ಗಂಟೆ ಎಚ್ಚರವಿದ್ದವರ ಚುರುಕು, ರಕ್ತದಲ್ಲಿ ಶೇ 0.05 ಮದ್ಯವಿದ್ದವರ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಿಂದೀಚೆಗೆ ಹಲವು ಪ್ರಯೋಗಗಳು ತೋರಿಸಿವೆ. ನಮ್ಮ ಕಾನೂನು ಒಪ್ಪುವುದು ಶೇ 0.03 ಮಾತ್ರ. ಬೆಳಿಗ್ಗೆ 6ಕ್ಕೆ ಎದ್ದು, ದಿನವಿಡೀ ಮದುವೆಮನೆಯಲ್ಲಿ ಓಡಾಡಿ, ರಾತ್ರಿ 11ಕ್ಕೆ ಸಂಪಾಜೆ ಘಾಟಿ ಇಳಿಯುವವನು ಹನಿ ಮದ್ಯ ಮುಟ್ಟದಿದ್ದರೂ ಆ ಗೆರೆ ದಾಟಿರುತ್ತಾನೆ. ಕಿಟಕಿ ತೆರೆಯುವುದು, ಹಾಡು ಹಾಕುವುದು ನಿಮಿಷಗಳ ಮಟ್ಟಿಗಷ್ಟೇ ನಡೆಯುವ ಉಪಾಯ. ಕೆಲಸಕ್ಕೆ ಬರುವುದು ಇದು: ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಒಂದು ಗಟ್ಟಿ ಕಾಫಿ ಕುಡಿದು, ತಕ್ಷಣವೇ 15–20 ನಿಮಿಷ ಕಣ್ಣು ಮುಚ್ಚುವುದು. ಕೆಫೀನ್ ಕೆಲಸ ಶುರು ಮಾಡಲು ಅಷ್ಟು ಹೊತ್ತು ಬೇಕು. ಎದ್ದಾಗ ಎರಡರ ಲಾಭವೂ ಸಿಗುತ್ತದೆ, ಒಂದೆರಡು ಗಂಟೆಯ ಮಟ್ಟಿಗೆ.

ಎದ್ದು ಕೂತವರಿಗೆ

ನಿದ್ದೆ ಬರಲೆಂದು ಒಂದು ಪೆಗ್ ಎಂಬುದು ಕೊಡಗಿನಲ್ಲಿ ಅಪರೂಪವಲ್ಲ. ಮದ್ಯ ನಿದ್ದೆಯನ್ನು ಬೇಗ ಹತ್ತಿಸುತ್ತದೆ, ಆದರೆ ಅದು ಮೈಯಿಂದ ಇಳಿಯುವ ಹೊತ್ತಿಗೆ, 2–3 ಗಂಟೆಯ ಸುಮಾರಿಗೆ, ಎಚ್ಚರ ಮಾಡಿಸುತ್ತದೆ. ಗಂಟಲಿನ ಸ್ನಾಯು ಸಡಿಲವಾಗಿ ಗೊರಕೆ ಹೆಚ್ಚುತ್ತದೆ. ಗೊರಕೆಯ ನಡುವೆ ಉಸಿರು ನಿಂತು, ಮತ್ತೆ ಏದುತ್ತಾ ಶುರುವಾಗುತ್ತಿದ್ದರೆ, ಹಗಲು ಕೂತಲ್ಲೇ ಜೋಂಪು ಹತ್ತುತ್ತಿದ್ದರೆ, ಅದು ಬೇರೆಯೇ ಕಾಯಿಲೆ. ಮೈಸೂರು, ಮಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ರಾತ್ರಿಯ ನಿದ್ದೆ ಪರೀಕ್ಷೆ ಮಾಡುತ್ತಾರೆ. ಗಂಟೆಗೆ 5ಕ್ಕಿಂತ ಹೆಚ್ಚು ಸಲ ಉಸಿರು ನಿಂತರೆ ಅಥವಾ ತೀರಾ ತೆಳುವಾದರೆ ಅದನ್ನು ಕಾಯಿಲೆ ಎಂದೇ ಲೆಕ್ಕ ಹಾಕುತ್ತಾರೆ. ಇಂಥವರು ನಿದ್ದೆ ಮಾತ್ರೆಯನ್ನು ತಾವಾಗಿ ತೆಗೆದುಕೊಳ್ಳಲೇಬಾರದು.

ಮೂರು ತಿಂಗಳು ದಾಟಿದ ನಿದ್ರಾಹೀನತೆಗೆ ಮೊದಲ ಚಿಕಿತ್ಸೆ ಮಾತ್ರೆಯಲ್ಲ, ಅಭ್ಯಾಸ ತಿದ್ದುವ ಕ್ರಮಬದ್ಧ ಚಿಕಿತ್ಸೆ ಎಂದು ಅಮೆರಿಕದ ವೈದ್ಯರ ಕಾಲೇಜು 2016ರಲ್ಲೇ ಹೇಳಿದೆ. ಅದರ ಮುಖ್ಯ ಹಂತ ಹಲವರಿಗೆ ತಲೆಕೆಳಗು ಎನಿಸುತ್ತದೆ: ಹಾಸಿಗೆಯಲ್ಲಿರುವ ಹೊತ್ತನ್ನೇ ಕಡಿಮೆ ಮಾಡುವುದು. ಎರಡು ವಾರ ಬರೆದಿಟ್ಟ ಲೆಕ್ಕದಲ್ಲಿ 9 ಗಂಟೆ ಮಲಗಿ 6 ಗಂಟೆ ನಿದ್ದೆ ಮಾಡುತ್ತಿದ್ದರೆ, ಹಾಸಿಗೆಗೆ 6 ಗಂಟೆ ಮಾತ್ರ: 12ಕ್ಕೆ ಮಲಗಿ 6ಕ್ಕೆ ಏಳುವುದು, ಭಾನುವಾರವೂ. ಐದೂವರೆ ಗಂಟೆಗಿಂತ ಕೆಳಗೆ ಇಳಿಸಬಾರದು. ಹಾಸಿಗೆಯಲ್ಲಿದ್ದ ಹೊತ್ತಿನ ಶೇ 85ಕ್ಕಿಂತ ಹೆಚ್ಚು ನಿದ್ದೆಯಾದ ವಾರದ ನಂತರ 15 ನಿಮಿಷ ಸೇರಿಸುವುದು. ನಿದ್ದೆ ಬಾರದೆ 20 ನಿಮಿಷದಷ್ಟಾಯಿತು ಎನಿಸಿದರೆ, ಗಡಿಯಾರ ನೋಡದೆ, ಎದ್ದು ಬೇರೆ ಕೋಣೆಯಲ್ಲಿ ಮಂದ ಬೆಳಕಿನಲ್ಲಿ ಕೂರುವುದು. ಮೊದಲ ಎರಡು ವಾರ ಹಗಲು ತೂಕಡಿಕೆ ಖಂಡಿತ. ಹೆಚ್ಚಿನವರು ಬಿಡುವುದು ಆಗಲೇ. ಮೂರ್ಛೆರೋಗ, ಉನ್ಮಾದದ ಕಾಯಿಲೆ ಇರುವವರು, ಚಾಲಕರು, ಮರ ಹತ್ತಿ ಮೆಣಸು ಕುಯ್ಯುವವರು ಇದನ್ನು ವೈದ್ಯರ ಕಣ್ಗಾವಲಿಲ್ಲದೆ ಮಾಡಬಾರದು.

ತೋಟದ ಕೆಲಸದ ಹೆಂಗಸರಲ್ಲಿ ಸುಲಭವಾಗಿ ತಪ್ಪಿಹೋಗುವ ಇನ್ನೊಂದು ಕಾರಣವಿದೆ. ಮಲಗಿದೊಡನೆ ಕಾಲಿನಲ್ಲಿ ಏನೋ ಹರಿದಾಡಿದಂತಾಗಿ, ಕಾಲಾಡಿಸಿದರೆ ಅಥವಾ ಎದ್ದು ನಡೆದರೆ ಮಾತ್ರ ಸಮಾಧಾನವಾಗುವ ತೊಂದರೆ. ದುಡಿದ ಕಾಲಿನ ನೋವು ಎಂದು ಎಣ್ಣೆ ತಿಕ್ಕಿ ಸುಮ್ಮನಾಗುತ್ತಾರೆ. ಇದಕ್ಕೂ ಕಬ್ಬಿಣದ ಕೊರತೆಗೂ ನೇರ ನಂಟಿದೆ. ಹಿಮೋಗ್ಲೋಬಿನ್ ಸರಿಯಿದ್ದರೂ ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಮಿಲಿಲೀಟರಿಗೆ 75 ನ್ಯಾನೋಗ್ರಾಂಗಿಂತ ಕಡಿಮೆಯಿದ್ದರೆ ಕಬ್ಬಿಣ ಕೊಡಬೇಕೆಂಬುದು ಈಗಿನ ವೈದ್ಯಕೀಯ ಸಲಹೆ; ಹಾಗಾಗಿ ರಕ್ತಪರೀಕ್ಷೆಯಲ್ಲಿ ಫೆರಿಟಿನ್ ಅನ್ನು ಕೇಳಿಯೇ ಬರೆಸಿಕೊಳ್ಳಬೇಕು. ಊಟದ ಜೊತೆ ಅಥವಾ ಊಟವಾದ ಕೂಡಲೇ ಕುಡಿದ ಕಾಫಿ ಕಬ್ಬಿಣ ಮೈಗೆ ಹತ್ತದಂತೆ ತಡೆಯುತ್ತದೆ. ಬುತ್ತಿ ಉಂಡ ಒಂದು ಗಂಟೆಯ ನಂತರ ಕಾಫಿ, ಕಬ್ಬಿಣದ ಮಾತ್ರೆ ನುಂಗುವವರು ಅದನ್ನು ನಿಂಬೆ ಪಾನಕದೊಂದಿಗೆ, ಕಾಫಿಯಿಂದ ದೂರದ ಹೊತ್ತಿನಲ್ಲಿ ನುಂಗಬೇಕು.